ನಿನ್ನೆ ಜಾರಿದ ಕಾಲು

ನೆಲದ ಮೇಲೆ ಎಲೆ ಹಾಕಿಕೊಂಡು ಉಂಡು ನನಗೆ ಹನ್ನೆರಡು ವರ್ಷದ ಮೇಲಾಯಿತು. ಮದುವೆ ಮನೆಗಳಲ್ಲಿ ಕೊನೆಯ ಪಂಕ್ತಿ ಏಳುವವರೆಗೂ ಕಾಯುತ್ತೇನೆ. ಆಮೇಲೆ ಅಡಿಗೆಯವರ ಹತ್ತಿರ ಒಂದು ಮಡಚುವ ಕುರ್ಚಿ ಕೇಳಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತೇನೆ. ಅಷ್ಟು ಹೊತ್ತಿಗೆ ಹಪ್ಪಳ ಮುಗಿದಿರುತ್ತದೆ. "ಈ ವಯಸ್ಸಿಗೇ ಮಂಡಿನೋವಾ?" ಎಂದು ನೋಡಿದವರು ಕೇಳುತ್ತಾರೆ. ನನಗೀಗ ಮೂವತ್ತನಾಲ್ಕು. ಹೌದು ಎನ್ನುತ್ತೇನೆ. ಬರಿಯ ನೋವಲ್ಲ, ಒಳಗಿನ ನಾರು ಹರಿದಿದೆ, ಹರಿದಿದೆ ಎಂದು ತಿಳಿದೂ ಬಿಟ್ಟವರು ನಮ್ಮ ಮನೆಯವರೇ ಎಂದೆಲ್ಲ ಹೇಳುತ್ತಾ ಕೂತರೆ, ಪಾಪ, ಅವರ ಪಾಯಸ ಆರಿಹೋಗುತ್ತದೆ.

ಎಕ್ಸ್‌ರೇ ಚೆನ್ನಾಗಿದೆ ಎನ್ನಿಸಿಕೊಂಡು ಮನೆಗೆ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೂಳೆ ಮುರಿದರೆ ಜನ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ. ನಾರು ಹರಿದರೆ ಬರುವುದು ಉಪದೇಶ ಒಂದೇ. ಹೊರಗೆ ಗಾಯವಿಲ್ಲ, ಹೊಲಿಗೆಯಿಲ್ಲ, ನಿಂತರೆ ನಿಲ್ಲುತ್ತೀರಿ, ನಡೆದರೆ ನಡೆಯುತ್ತೀರಿ. ಬಸ್ಸಿನಿಂದ ಇಳಿಯುವಾಗ ಮಾತ್ರ ಮಂಡಿ ಒಳಗೇ ಪಕ್ಕಕ್ಕೆ ಸರಿದು ನಿಮ್ಮನ್ನು ರಸ್ತೆಗೆ ಚೆಲ್ಲುತ್ತದೆ. ಅದನ್ನು ಯಾರಿಗೆ ಹೇಳಿದರೂ "ನೋಡಿಕೊಂಡು ನಡೀಬಾರದಾ" ಎನ್ನುತ್ತಾರೆ. ಈ ಮಾತು ಕೇಳಿ ಕೇಳಿ ಹಲ್ಲು ಕಚ್ಚುವ ಅಭ್ಯಾಸವೇ ಆಗಿಹೋಗಿರುವವರು ಇದ್ದರೆ, ಅವರಿಗೆ ನಾನು ನೆಂಟಳು.

ಅದು ಎಪ್ಪತ್ತೈದರ ಸಂಕ್ರಾಂತಿ ಮುಗಿದ ಮರುವಾರ. ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅಪ್ಪ ಹಾಸನದ ಕಡೆಯಿಂದ ರೈಲ್ವೆ ಗುಮಾಸ್ತರಾಗಿ ಬಂದು ಮದ್ರಾಸಿನಲ್ಲೇ ಬೇರು ಬಿಟ್ಟವರು. ಎಗ್ಮೋರ್ ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲಿ ಎರಡನೆಯ ಮಹಡಿಯ ಮನೆ. ಅಪ್ಪ, ಅಮ್ಮ, ನಾನು, ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿ ವತ್ಸಲಾ. ಕಾಲೇಜಿನಲ್ಲಿ ನಾನು ಟೆನಿಕಾಯ್ಟ್ ಆಡುತ್ತಿದ್ದೆ. ಬಲೆಯ ಆಚೆಯಿಂದ ಎಸೆದ ರಬ್ಬರಿನ ಬಳೆಯನ್ನು ನೆಲಕ್ಕೆ ಬೀಳಗೊಡದೆ ಹಿಡಿದು ತಿರುಗಿ ಎಸೆಯುವ ಆಟ. ಓದಿನಲ್ಲಿ ಅಷ್ಟಕ್ಕಷ್ಟೆ, ಆದರೆ ಅದರಲ್ಲಿ ನಾನು ಗಟ್ಟಿಗಿತ್ತಿ. ಅವತ್ತು ಹಾರಿ ಹಿಡಿದೆ. ಹಿಡಿದದ್ದು ಸರಿಯಾಗಿತ್ತು, ಇಳಿದದ್ದು ಸರಿಯಾಗಲಿಲ್ಲ. ಪಾದ ನೆಟ್ಟಗೆ ನಿಂತಿತು, ಮೈ ತಿರುಗಿತು. ಬಲ ಮಂಡಿಯೊಳಗೆ ಹುರುಳಿಕಾಯಿ ಮುರಿದಂತೆ ಟಪ್ಪೆಂದಿತು. ಪಕ್ಕದಲ್ಲಿದ್ದ ಹುಡುಗಿಗೂ ಆ ಶಬ್ದ ಕೇಳಿಸಿತಂತೆ. ಆ ಪಾಯಿಂಟ್ ನಮಗೆ ಸಿಕ್ಕಿತು.

ಸಂಜೆಯ ಹೊತ್ತಿಗೆ ಮಂಡಿ ತೆಂಗಿನಕಾಯಿಯ ಗಾತ್ರ ಊದಿಕೊಂಡಿತ್ತು. ಮಾರನೆಯ ದಿನ ಆಸ್ಪತ್ರೆಯಲ್ಲಿ ಬೆಳಗಿನ ಏಳರಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತೆವು. ಆಯಾ ಬಂದು ಹೆಸರು ಕೂಗಿದಾಗಲೆಲ್ಲ ಅಪ್ಪ ಎದ್ದು ನಿಲ್ಲುತ್ತಿದ್ದರು, ನಮ್ಮದಲ್ಲವೆಂದು ಕೂರುತ್ತಿದ್ದರು. ಕೊನೆಗೆ ಒಬ್ಬ ಎಳೆಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, "ಎಲುಂಬು ನಲ್ಲಾ ಇರುಕ್ಕು, ಕವಲೆ ಪಡಾದೀಂಗ" ಎಂದರು. ಮೂಳೆ ಚೆನ್ನಾಗಿದೆ, ಚಿಂತೆ ಬೇಡ. ಅಪ್ಪನ ಮುಖ ಅರಳಿತು. ಮುಂದೆ ಒಂದೂವರೆ ವರ್ಷ ಅಪ್ಪ ಆ ಒಂದು ವಾಕ್ಯವನ್ನೇ ಹಿಡಿದುಕೊಂಡಿದ್ದರು.

ಊತ ಇಳಿಯಿತು, ಕಾಲಿನ ಮೇಲೆ ನಂಬಿಕೆ ಬರಲಿಲ್ಲ. ಮೆಟ್ಟಿಲು ಇಳಿಯುವಾಗ ಎರಡು ಸಲ ಕಾಲು ಕೈಕೊಟ್ಟಿತು. ಅಪ್ಪನ ಆಫೀಸಿನವರೊಬ್ಬರು ಹೇಳಿದರೆಂದು ಒಬ್ಬ ಹಿರಿಯ ಡಾಕ್ಟರ ಬಳಿ ಹೋದೆವು. ಅವರು ಎಕ್ಸ್‌ರೇ ನೋಡಲೇ ಇಲ್ಲ. ನನ್ನನ್ನು ಮಲಗಿಸಿ, ಮಂಡಿ ಮಡಿಸಿ, ಪಾದದ ಮೇಲೆ ತಾವೇ ಕೂತು, ಕೆಳಗಾಲನ್ನು ಎರಡೂ ಕೈಯಲ್ಲಿ ಮುಂದಕ್ಕೆ ಎಳೆದರು. ಮೇಜಿನ ಖಾನೆ ಬಂದ ಹಾಗೆ ಬಂತು. "ಒಳಗಿನ ನಾರು ಹರಿದಿದೆ. ತೊಡೆಯಿಂದ ಪಾದದವರೆಗೆ ಆರು ವಾರ ಪ್ಲಾಸ್ಟರ್ ಹಾಕೋಣ. ಆಮೇಲೆ ಬೇಕಾದರೆ ಆಪರೇಷನ್. ತಡ ಮಾಡಬೇಡಿ" ಎಂದು ಅಪ್ಪನಿಗೆ ಬಿಡಿಸಿ ಹೇಳಿದರು. ನಾಳೆಯೇ ಬರುತ್ತೇವೆ ಎಂದು ಅಪ್ಪ ತಲೆಯಾಡಿಸಿ ಎದ್ದರು.

ನಾಳೆ ಹೋಗಲಿಲ್ಲ. ಹದಿನೈದು ದಿನಕ್ಕೆ ಅಡ್ಯಾರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವುದಿತ್ತು. ಹುಡುಗ ಬ್ಯಾಂಕಿನಲ್ಲಿ, ನಮ್ಮದೇ ಸೀಮೆಯವರು, ಜಾತಕ ಕೂಡಿತ್ತು. ಮದ್ರಾಸಿನಲ್ಲಿ ಕನ್ನಡದ, ಅದೂ ನಮ್ಮ ಪಂಗಡದ ಗಂಡು ಸಿಗುವುದೇ ಅಪರೂಪ ಎಂದು ಅಮ್ಮ ಆ ಜಾತಕವನ್ನು ದೇವರ ಮುಂದಿನಿಂದ ತೆಗೆದಿರಲೇ ಇಲ್ಲ.

"ತೊಡೇವರೆಗೂ ಸುಣ್ಣದ ಕಟ್ಟು ಹಾಕ್ಕೊಂಡು ಕೂತಿರೋಳ್ನ ಯಾರು ನೋಡಕ್ಕೆ ಬರ್ತಾರೆ?" ಎಂದರು ಅಮ್ಮ. "ಒಂದ್ಸಲ ಕುಂಟಿ ಅಂತ ಬಾಯಿಂದ ಬಾಯಿಗೆ ಹೋದ್ರೆ ಮುಗೀತು. ಹೋದ ಗಂಡು ವಾಪಸ್ ಬರತ್ತಾ?"

"ಅಮ್ಮಾ, ಆರು ವಾರ ಅಷ್ಟೇ. ಆಮೇಲೆ ಬನ್ನಿ ಅಂತ ಹೇಳ್ಬಹುದಲ್ಲ."

"ಅವ್ರಿಗೆ ಅರ್ಜೆಂಟು ಕಣೆ. ಇಲ್ದಿದ್ರೆ ಇಷ್ಟು ಬೇಗ ಯಾಕೆ ಬರ್ತೀವಿ ಅಂತಾರೆ?"

ನಾನು ಅಪ್ಪನ ಮುಖ ನೋಡಿದೆ. ನನ್ನನ್ನು ಬಿಟ್ಟರೆ ಡಾಕ್ಟರ ಮಾತನ್ನು ಕಿವಿಯಾರೆ ಕೇಳಿದವರು ಅವರೊಬ್ಬರೇ. "ಎಕ್ಸ್‌ರೇಲಿ ಏನೂ ಇಲ್ಲ ಅಂದ್ರಲ್ಲ" ಎಂದು ಅಪ್ಪ ಪೇಪರು ಮಡಿಸಿ ಬಾಲ್ಕನಿಗೆ ಹೋದರು. ನನಗೆ ಅಮ್ಮನ ಮೇಲಿಗಿಂತ ಅವತ್ತು ಅಪ್ಪನ ಮೇಲೆ ಹೆಚ್ಚು ಸಿಟ್ಟು ಬಂತು. ಇವತ್ತಿಗೂ ಅದು ಪೂರ್ತಿ ಇಳಿದಿಲ್ಲ.

ಬದಲಿಗೆ ಉಳುಕಿಗೆ ಕಟ್ಟು ಹಾಕುವವನೊಬ್ಬನನ್ನು ಕರೆಸಿದರು. ಅವನು ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಕಟ್ಟುವವನು. ನಮ್ಮ ಮನೆಯೊಳಗೆ ಮೊಟ್ಟೆಯೇ! ಅಮ್ಮ ಅವನನ್ನು ಹೊಸ್ತಿಲಲ್ಲೇ ತಡೆದು, ಮೊಟ್ಟೆ ಬೇಡ, ಅನ್ನದ ಗಂಜಿ ಹಾಕು ಎಂದರು. ಅವನು ನಗುವುದೋ ಅಳುವುದೋ ತಿಳಿಯದೆ ಗಂಜಿಯಲ್ಲೇ ಕಲಸಿ ಕಟ್ಟಿ ಹೋದ. ಒಣಗಿ ಅದು ದೋಸೆಯಂತೆ ಎದ್ದುಬಂತು. ವತ್ಸಲಾ ಅದರ ಚೂರುಗಳನ್ನು ಕಾಗೆಗೆ ಹಾಕಿದಳು.

ಆಮೇಲೆ ಶುರುವಾಯಿತು ನಮಸ್ಕಾರದ ಅಭ್ಯಾಸ. ನಮ್ಮಲ್ಲಿ ಹೆಣ್ಣು ನೋಡಲು ಬಂದಾಗ ಹುಡುಗಿ ಹಿರಿಯರಿಗೆ ನೆಲಮುಟ್ಟಿ ನಮಸ್ಕಾರ ಮಾಡಿ, ಚಾಪೆಯ ಮೇಲೆ ಕಾಲು ಮಡಿಸಿ ಕೂರಬೇಕು. ಅಮ್ಮ ದಿನವೂ ಊಟವಾದ ಮೇಲೆ ಬಾಗಿಲು ಹಾಕಿ ಕಲಿಸುತ್ತಿದ್ದರು. ಬಗ್ಗುವಾಗ ಎಡ ಮಂಡಿ ಮೊದಲು ಊರು, ಕೈ ಊರು, ಬಲಗಾಲನ್ನು ಹಿಂದಕ್ಕೆ ಜಾರಿಸಿಬಿಡು. ಏಳುವಾಗ ಮೊದಲು ಎಡಗಾಲು, ಆಮೇಲೆ ಬಲಗಾಲು. ಸೆರಗು ಸರಿಮಾಡುವ ನೆಪದಲ್ಲಿ ಒಂದು ಕ್ಷಣ ಹಾಗೇ ಇರು, ನೋವು ಮುಖಕ್ಕೆ ಬರಬಾರದು. ವತ್ಸಲಾಳದು ಅತ್ತೆಯ ಪಾತ್ರ. ಅಮ್ಮನ ಹಳೆಯ ಸೀರೆ ಹೊದ್ದು ಚಾಪೆಯ ಮೇಲೆ ಕೂತು, ನಾನು ತಡವರಿಸಿದಾಗಲೆಲ್ಲ "ಫೇಲ್! ಫೇಲ್!" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಅವಳಿಗೆ ಅದು ಆಟ. ಹತ್ತು ದಿನದಲ್ಲಿ ನಾನು ಪಾಸಾದೆ.

ಅವರು ಬಂದರು. ನಾನು ನಮಸ್ಕಾರ ಮಾಡಿದೆ. ಎಡಗಾಲು, ಕೈ, ಬಲಗಾಲು. ಏಳುವಾಗ ಕಣ್ಣು ಕತ್ತಲೆ ಬಂತು, ಸೆರಗು ಸರಿಮಾಡಿಕೊಂಡೆ. ಹುಡುಗನ ತಾಯಿ ಪಕ್ಕದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ನೋಡಿ, ಎಷ್ಟು ನಿಧಾನವಾಗಿ, ಭಕ್ತಿಯಿಂದ ನಮಸ್ಕಾರ ಮಾಡ್ತಾಳೆ. ಈಗಿನ ಹುಡ್ಗೀರು ಸುಮ್ನೆ ಬಗ್ಗಿ ಎದ್ಬಿಡ್ತಾರೆ." ಅವತ್ತೇ ಒಪ್ಪಿಗೆಯಾಯಿತು. ಒಳಗೆ ಅಮ್ಮ ಸಂತೋಷಕ್ಕೆ ಕಣ್ಣೊರೆಸಿಕೊಂಡರು. ನಾನೂ ಕಣ್ಣೀರು ಹಾಕಿದೆ, ಮಂಡಿಗೆ ಬಿಸಿನೀರಿನ ಬಟ್ಟೆ ಹಿಡಿದುಕೊಂಡು.

ವೈಶಾಖದಲ್ಲಿ ಮದುವೆ. ಹುಡುಗ ನನ್ನ ಬಲಗಾಲನ್ನು ಹಿಡಿದು ಕಲ್ಲಿನ ಮೇಲಿರಿಸುವ ಶಾಸ್ತ್ರವುಂಟಲ್ಲ, ಈ ಕಲ್ಲಿನ ಹಾಗೆ ಸ್ಥಿರವಾಗಿರು ಎಂದು. ಅವರು ಅಷ್ಟು ಮೆಲ್ಲಗೆ ಕಾಲೆತ್ತಿದರು. ಈ ಮನುಷ್ಯನಿಗೆ ಹೇಳಿಬಿಡಲೇ ಎನ್ನಿಸಿತು. ಅಮ್ಮ ಹಿಂದೆಯೇ ನಿಂತಿದ್ದರು. ಹೇಳಲಿಲ್ಲ.

ಅಡ್ಯಾರಿನ ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಮೂರೇ ಜನ. ಒಂದು ವರ್ಷ ನನ್ನ ಕಳ್ಳತನ ನಡೆಯಿತು. ಕುಕ್ಕರಗಾಲಿನಲ್ಲಿ ಕೂತು ಮಾಡುವ ಕೆಲಸ ಒಂದೇ ಎರಡೇ? ರುಬ್ಬುವುದು, ರಂಗೋಲಿ, ತರಕಾರಿ ಹೆಚ್ಚುವುದು, ನೆಲ ಸಾರಿಸುವುದು. ಇನ್ನು ಕಕ್ಕಸಿನಲ್ಲಿ ನಾನು ಪಟ್ಟ ಪಾಡನ್ನು ಬರೆಯಲು ನಾಚಿಕೆಯಿಲ್ಲ, ಏಕೆಂದರೆ ಈ ಕಾಲಿನವರೆಲ್ಲರ ಮೊದಲ ಕಷ್ಟ ಅದೇ. ಹಿಡಿದುಕೊಳ್ಳಲು ನೀರಿನ ನಲ್ಲಿಯೊಂದೇ ಇತ್ತು. ಒಂದು ದಿನ ಅದೂ ಕಿತ್ತುಕೊಂಡು ಕೈಗೆ ಬಂತು. ನಲ್ಲಿ ಹಳೆಯದಾಗಿತ್ತು ಎಂದು ಅತ್ತೆ ಕೊಳಾಯಿಯವನನ್ನು ಕರೆಸಿದರು.

ಮರುವರ್ಷ ಗೌರಿಹಬ್ಬದ ಹಿಂದಿನ ದಿನ ಒರಳಿನ ಮುಂದಿನಿಂದ ಏಳುವಾಗ ಮಂಡಿ ಪೂರ್ತಿ ಸರಿದು ಬಿದ್ದೆ. ಈ ಸಲ ಒಳಗೇನೋ ಸಿಕ್ಕಿಕೊಂಡು ಕಾಲು ನೆಟ್ಟಗಾಗಲೇ ಇಲ್ಲ. ಅತ್ತೆ ಓಡಿಬಂದರು. ನೆಲದ ಮೇಲೆ ಅವರ ಕೈಯಿಂದ ಸ್ವಲ್ಪ ಹೊತ್ತಿನ ಹಿಂದೆ ಚೆಲ್ಲಿದ ನೀರಿತ್ತು. "ಅಯ್ಯೋ, ನಾನು ಒರೆಸ್ಬೇಕಾಗಿತ್ತು! ಜಾರಿದೆಯಾ?" ಎಂದರು. ನಾನು ಹೂಂ ಎಂದೆ.

ಆ ಹೂಂ ನನ್ನದೇ. ಅದನ್ನು ಅಮ್ಮನ ತಲೆಗೆ ಕಟ್ಟಲಾರೆ. ಆರು ವಾರ ಅತ್ತೆ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಹರಳೆಲೆ ಬಿಸಿ ಮಾಡಿ ಕಟ್ಟಿದರು, ಊಟ ಕೂತಲ್ಲಿಗೆ ತಂದರು. ನೀರು ಚೆಲ್ಲಿದ ತಪ್ಪಿಗೆ ಹಳದಿ ಬಟ್ಟೆಯಲ್ಲಿ ಒಂದು ನಾಣ್ಯ ಗಂಟು ಕಟ್ಟಿ, ಮನೆದೇವರಿಗೆ ತಪ್ಪುಕಾಣಿಕೆಯೆಂದು ಪಟದ ಹಿಂದೆ ಇಟ್ಟರು. ನಾನು ಮಲಗಿದಲ್ಲಿಂದ ಆ ಗಂಟಿನ ತುದಿ ಕಾಣುತ್ತಿತ್ತು. ನಿಜ ಹೇಳುತ್ತೇನೆ, ನಾಚಿಕೆಯ ಜೊತೆಗೆ ಸುಖವೂ ಆಯಿತು. ನನ್ನ ಕಾಲಿಗೆ ನಿಜವಾಗಿ ಏನೋ ಆಗಿದೆಯೆಂದು ನಂಬಿದ ಮೊದಲ ಮನುಷ್ಯರು ಅವರು.

ಕಾಲು ನೆಟ್ಟಗಾಗದೆ ಡಾಕ್ಟರ ಬಳಿ ಹೋದೆವು. ಅತ್ತೆ ಹಟ ಹಿಡಿದು ಒಳಗೂ ಬಂದರು. ಈ ಡಾಕ್ಟರು ಬೇರೆ. ಅವರು ಜೇಬಿನಿಂದ ಟೇಪು ತೆಗೆದು ನನ್ನ ಎರಡೂ ತೊಡೆ ಅಳೆದರು. ಬಲತೊಡೆ ಎಡಕ್ಕಿಂತ ಎರಡು ಇಂಚು ಸಣ್ಣ. ಎಷ್ಟು ದಿನವಾಯಿತು ಎಂದು ತಮಿಳಿನಲ್ಲಿ ಕೇಳಿದರು. ಆರು ವಾರ ಎಂದೆ. ಅವರು ನಕ್ಕರು.

"ಆರು ವಾರದಲ್ಲಿ ತೊಡೆ ಇಷ್ಟು ಕರಗೋದಿಲ್ಲಮ್ಮ. ಇದು ಹಳೇದು. ಒಂದು ವರ್ಷದ ಮೇಲಾಗಿದೆ. ಆಗಲೇ ಯಾಕೆ ಬರಲಿಲ್ಲ?"

ಅತ್ತೆ ನನ್ನನ್ನು ನೋಡಲಿಲ್ಲ, ನನ್ನ ತೊಡೆಯನ್ನೇ ನೋಡುತ್ತಿದ್ದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಇಳಿಯುವಾಗ ಮಾತ್ರ ಎಂದಿನಂತೆ ಕೈ ಹಿಡಿದು ಇಳಿಸಿದರು. ರಾತ್ರಿ ನನ್ನ ಗಂಡ ವಿಷಯ ಕೇಳಿ, "ನನಗಾದರೂ ಹೇಳಬಹುದಿತ್ತು" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಬಿಟ್ಟು ಅತ್ತೆ, "ಆ ಗಂಟು ಬಿಚ್ಚಲ್ಲ ನಾನು. ದೇವರಿಗೆ ಅಂತ ಕಟ್ಟಿದ್ದು. ಯಾರ ತಪ್ಪು ಅಂತ ಅವನೇ ನೋಡ್ಕೋಳ್ಲಿ" ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ನಾರು ಹೊಲಿಯುವ ಕಾಲ ಮೀರಿತ್ತು. ಒಳಗೆ ಹರಿದು ಮಡಚಿಕೊಂಡಿದ್ದ ಮೆತ್ತೆಯಂಥದ್ದನ್ನು ಕತ್ತರಿಸಿ ತೆಗೆದರು, ಕಾಲು ನೆಟ್ಟಗಾಯಿತು, ಅಷ್ಟೆ. ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿ ಕಾಸಿಮೇಡಿನ ಮೀನು ಮಾರುವ ಹೆಂಗಸು ಕಾಲು ಮುರಿದುಕೊಂಡು ಮಲಗಿದ್ದಳು. ನನ್ನ ಕಥೆಯನ್ನೆಲ್ಲ ಬಾಯಿ ಬಿಡಿಸಿ ಕೇಳಿದಳು. ಕೇಳಿ, "ಕಾಲು ಪೋನಾ ಪೋಗಟ್ಟುಂ, ವಾಯ್ ಇರುಕ್ಕುದಿಲ್ಲೆ?" ಎಂದು ಬೈದಳು. ಕಾಲು ಹೋದರೆ ಹೋಗಲಿ, ಬಾಯಿ ಇದೆಯಲ್ಲ! ನಡುವೆ ತೂತು ಕೊರೆದ ಮರದ ಸ್ಟೂಲನ್ನು ಕಕ್ಕಸಿನಲ್ಲಿ ಇಟ್ಟುಕೋ ಎಂದು ಹೇಳಿಕೊಟ್ಟವಳೂ ಅವಳೇ. ಯಾವ ಡಾಕ್ಟರೂ ಹೇಳದಿದ್ದ ಆ ಒಂದು ಮಾತಿನಿಂದ ನನ್ನ ಬೆಳಗುಗಳು ಬದುಕಿಕೊಂಡವು. ಅತ್ತೆ ಬಡಗಿಯ ಹತ್ತಿರ ಮಾಡಿಸಿ ತಂದರು.

ಹಾಗೆ ವರ್ಷಗಳು ಕಳೆದವು. ಟೈಪಿಂಗ್ ಕಲಿತು ಒಂದು ಆಫೀಸು ಸೇರಿದೆ, ಕುರ್ಚಿಯ ಕೆಲಸ. ಬಸ್ಸು ಪೂರ್ತಿ ನಿಲ್ಲದೆ ಹತ್ತುವುದಿಲ್ಲ, ಆದ್ದರಿಂದ ದಿನವೂ ಒಂದೆರಡು ಬಸ್ಸು ಬಿಡುತ್ತೇನೆ. ಮಗನನ್ನು ಎತ್ತಿಕೊಂಡು ಒಮ್ಮೆಯೂ ಮೆಟ್ಟಿಲಿಳಿಯಲಿಲ್ಲ. ಅವನು ಓಡಿದರೆ ಹಿಂದೆ ಓಡಲಾರೆ, ನಿಂತಲ್ಲಿಂದಲೇ ಕೂಗುತ್ತೇನೆ. ನನ್ನ ಗಂಟಲು ದೊಡ್ಡದಾದದ್ದು ಮಂಡಿಯ ದೆಸೆಯಿಂದ. ಪ್ಲಾಸ್ಟರ್ ಹಾಕಿಸಿದ್ದರೆ ಪೂರ್ತಿ ವಾಸಿಯಾಗುತ್ತಿತ್ತೆಂದು ಆಣೆ ಮಾಡಿ ಹೇಳಲಾರೆ. ಹಾಕಿಸಿ ನೋಡಲಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ. ಅಮ್ಮ ಒಂದು ಸಲ, ಒಂದೇ ಸಲ, "ತಪ್ಪಾಯಿತು" ಎಂದಿದ್ದರೆ ಸಾಕಿತ್ತು. ನಾನು ಕೇಳಿದಾಗಲೆಲ್ಲ ಅಮ್ಮನದು ಒಂದೇ ಉತ್ತರ: "ಮದುವೆ ಆಯ್ತೋ ಇಲ್ವೋ? ಅವತ್ತು ಹೇಳಿದ್ದಿದ್ರೆ ಆಗ್ತಿತ್ತಾ?" ಅಮ್ಮನ ಮಾತು ನಿಜವಿದ್ದರೂ ಇರಬಹುದು ಎಂದು ನುಂಗಿಕೊಳ್ಳುತ್ತಿದ್ದೆ.

ಎಂಬತ್ನಾಲ್ಕರಲ್ಲಿ ವತ್ಸಲಾಳನ್ನು ನೋಡಲು ಬಂದರು. ಅದೇ ಕ್ವಾರ್ಟರ್ಸು, ಅದೇ ಚಾಪೆ. ನಾನು ಬೆಳಗ್ಗೆಯೇ ಹೋಗಿ ಕೂತುಕೊಂಡೇ ಕೇಸರಿಬಾತು ಮಾಡಿಕೊಟ್ಟಿದ್ದೆ. ಗಂಡಿನವರು ಬರುವ ಹೊತ್ತಿಗೆ ಅಮ್ಮ ನನ್ನನ್ನು ಒಳಕೋಣೆಗೆ ಕರೆದರು.

"ನೀನು ಇಲ್ಲೇ ಇದ್ಬಿಡು. ಅವ್ರ ಮುಂದೆ ಓಡಾಡ್ಬೇಡ. ಮನೇಲಿ ಒಬ್ಬಳು ಕುಂಟಿದ್ರೆ ಇನ್ನೊಬ್ಬಳಿಗೂ ಬರತ್ತೆ ಅನ್ಕೋತಾರೆ."

ಮೊದಲು ಮಂಡಿಯನ್ನು ಸೀರೆಯೊಳಗೆ ಮುಚ್ಚಿದರು, ಈಗ ನನ್ನನ್ನೇ ಕೋಣೆಯೊಳಗೆ ಮುಚ್ಚುತ್ತಿದ್ದಾರೆ. ನಾನು ಒಳಗಿರಲಿಲ್ಲ. ಕಾಫಿಯ ತಟ್ಟೆ ಹಿಡಿದು ಕುಂಟುತ್ತಲೇ ಹೊರಗೆ ಬಂದೆ, ಎಲ್ಲರೂ ಚಾಪೆಯ ಮೇಲಿದ್ದಾಗ ಕುರ್ಚಿ ಎಳೆದುಕೊಂಡು ಕೂತೆ. ವತ್ಸಲಾ ನಮಸ್ಕಾರ ಮಾಡಿದಳು, ಎರಡೂ ಮಂಡಿ ಒಟ್ಟಿಗೆ ಊರಿ, ಒಂದೇ ಬೀಸಿನಲ್ಲಿ ಎದ್ದಳು. ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹುಡುಗನ ತಾಯಿ ನನ್ನ ಕಡೆ ತಿರುಗಿದರು. "ಇವರು ದೊಡ್ಡ ಮಗಳಾ? ಕಾಲಿಗೇನಾಯ್ತಮ್ಮಾ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದರು: "ನಿನ್ನೆ ಮೆಟ್ಟಿಲಲ್ಲಿ ಜಾರಿದ್ಲು. ಸ್ವಲ್ಪ ಉಳುಕು."

ಒಂಬತ್ತು ವರ್ಷ ಹೋಗಿ ನಿನ್ನೆಯಾಯಿತು. ಬಾಯಿ ಇದೆಯಲ್ಲ, ಬಾಯಿ ಇದೆಯಲ್ಲ ಎಂದು ಮೀನಿನವಳ ದನಿ ಕಿವಿಯಲ್ಲಿ. ಆಗ ಕಾಫಿ ಲೋಟ ತೆಗೆದುಕೊಳ್ಳುವ ನೆಪದಲ್ಲಿ ವತ್ಸಲಾ ನನ್ನ ಹತ್ತಿರ ಬಗ್ಗಿದಳು. ನಾವು ಕನ್ನಡದಲ್ಲಿ ಮಾತಾಡಿದರೂ ಅವಳು ಉತ್ತರ ಕೊಡುವುದು ತಮಿಳಿನಲ್ಲೇ. "ಅಕ್ಕಾ, ಪ್ಲೀಸ್. ಎದುವುಂ ಸೊಲ್ಲಾದೆ," ಎಂದು ಪಿಸುಗುಟ್ಟಿದಳು. ಏನೂ ಹೇಳಬೇಡ. ಹುಡುಗ ಅವಳಿಗೆ ಇಷ್ಟವಾಗಿದ್ದ.

"ಹೌದು," ಎಂದೆ. "ನಿನ್ನೆ."

ಸಂಜೆ ಅಡ್ಯಾರಿಗೆ ಬಂದಾಗ ಅತ್ತೆ ಕುರ್ಚಿಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಆ ಹೊತ್ತಿಗೆ ಅವರ ಮಂಡಿಯೂ ಹೋಗಿತ್ತು, ವಯಸ್ಸಿನ ಮಂಡಿ. ಎದುರು ನನ್ನದೊಂದು ಕುರ್ಚಿ ಯಾವಾಗಲೂ ಇರುತ್ತಿತ್ತು.

"ಒಪ್ಪಿದ್ರೇನೇ?"

"ಒಪ್ಪಿದ್ರು" ಎಂದೆ. ನಡೆದದ್ದನ್ನೆಲ್ಲ ಹೇಳಿದೆ, ನನ್ನ 'ನಿನ್ನೆ'ಯನ್ನೂ ಬಿಡದೆ. ಅತ್ತೆ ಸೊಪ್ಪು ಬಿಡಿಸುತ್ತಲೇ ಕೇಳಿದರು. ಪಟದ ಹಿಂದೆ ಹಳದಿ ಗಂಟು ಮಾಸಿ ಮಣ್ಣಿನ ಬಣ್ಣವಾಗಿತ್ತು. ಎಂಟು ವರ್ಷ ಕೇಳಲು ಧೈರ್ಯವಾಗದಿದ್ದುದನ್ನು ಅವತ್ತು ಕೇಳಿದೆ.

"ಅತ್ತೆ, ಅವತ್ತು ನಿಜ ಹೇಳಿದ್ದಿದ್ರೆ ನೀವು ಈ ಸಂಬಂಧಕ್ಕೆ ಬರ್ತಿದ್ರಾ?"

ಇಲ್ಲ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇಲ್ಲ ಎಂದರೆ ಅಮ್ಮ ಮಾಡಿದ್ದಕ್ಕೆ ಒಂದು ಅರ್ಥವಿರುತ್ತಿತ್ತು. ಈ ಮನೆ, ಈ ಗಂಡ, ಮಗ, ಎದುರಿಗೆ ಕೂತ ಈ ಅತ್ತೆ, ಇವರೆಲ್ಲರಿಗಾಗಿ ಒಂದು ಕಾಲು ಹೋಯಿತು, ಹೋಗಲಿ ಎನ್ನಬಹುದಿತ್ತು.

"ಎಷ್ಟು ದಿನ ಕಟ್ಟು ಅಂದಿದ್ರು ಡಾಕ್ಟರು?"

"ಆರು ವಾರ."

ಅತ್ತೆ ಸೊಪ್ಪಿನ ಬುಟ್ಟಿ ಕೆಳಗಿಟ್ಟರು.

"ಆರೇ ವಾರಾನಾ? ಅಯ್ಯೋ, ಆಗ ನನ್ನ ಮಗಂಗೆ ಕೆಲ್ಸಾನೇ ಖಾಯಂ ಆಗಿರ್ಲಿಲ್ಲ ಕಣೆ. ನಾಲ್ಕು ತಿಂಗಳು ಮುಂದಕ್ಕೆ ಹಾಕೋಣ ಅಂತ ನಾವೇ ಅನ್ಕೊಂಡಿದ್ವಿ. ನಿಮ್ಮನೇವ್ರಿಗೆ ಅರ್ಜೆಂಟು ಅಂತ ಯಾರೋ ಅಂದ್ರು, ಅದಕ್ಕೇ ಬಂದ್ವಿ." ಆಮೇಲೆ ಮೆಲ್ಲಗೆ ಹೇಳಿದರು, "ಒಂದು ಮಾತು ಹೇಳಿದ್ದಿದ್ರೆ ಕಾಯ್ತಿದ್ವಿ."

ಸೊಪ್ಪಿನ ಬುಟ್ಟಿಯನ್ನು ಒಳಗಿಡಬೇಕಾಗಿತ್ತು. ನಾನು ಕುರ್ಚಿಯ ಕೈ ಹಿಡಿದು ಎದ್ದೆ. ಮೊದಲು ಎಡಗಾಲು, ಆಮೇಲೆ ಬಲಗಾಲು, ಅಮ್ಮ ಕಲಿಸಿದ ಹಾಗೆ.